ವಾಚಿನ ಗುಣ ಒಂದು ದಿನದಲ್ಲಿ ತಿಳಿಯದು

ನಮ್ಮ ಕಲಬುರಗಿ ಜಿಲ್ಲೆಯ ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯ ಮನೆಗಳ ಕಪಾಟಿನಲ್ಲಿ ಚಾವಿ ಕೊಡುವ ಎಚ್‌ಎಂಟಿ ವಾಚುಗಳು ಇನ್ನೂ ಸಿಗುತ್ತವೆ. ಕೆಲವು ಮದುವೆಯಲ್ಲಿ ಅಳಿಯನಿಗೆ ಉಂಗುರದ ಜೊತೆ ಕೊಟ್ಟವು. ಕೆಲವು ಸಿಮೆಂಟ್ ಕಾರ್ಖಾನೆಯಲ್ಲೋ ರೈಲ್ವೆಯಲ್ಲೋ ದುಡಿದವರು ಪಗಾರ ಕೂಡಿಟ್ಟು ಕೊಂಡವು. ಈಗ ಮೊಮ್ಮಕ್ಕಳು ಅವನ್ನು ಹೊರತೆಗೆದು, ಹೊಸ ಪಟ್ಟಿ ಹಾಕಿಸಿ ಕಟ್ಟಿಕೊಳ್ಳುತ್ತಿದ್ದಾರೆ. ನನಗೂ ಸಂತೋಷವೇ. ಆದರೆ ಕಟ್ಟಿಕೊಂಡ ಮೂರನೇ ದಿನಕ್ಕೆ ಒಂದು ದೂರು ಬರುತ್ತದಲ್ಲ, ಅದನ್ನು ಕೇಳಿ ಕೇಳಿ ಸಾಕಾಗಿದೆ. “ವಾಚ್ ಬರೋಬ್ಬರಿ ಇಲ್ರೀ, ಮುಂದ್ ಓಡ್ತದ.” ಎಷ್ಟು ಮುಂದೆ ಎಂದು ಕೇಳಿದರೆ, “ಒಂದೀಟು.” ಯಾವುದಕ್ಕಿಂತ ಮುಂದೆ ಎಂದರೆ, “ಮನ್ಯಾಗಿನ ಗಡಿಯಾರಕ್ಕಿಂತ.” ಆ ಗಡಿಯಾರ ಸರಿಯಿದೆ ಎಂದು ನಿಮಗೆ ಹೇಳಿದವರು ಯಾರು? ಅದಕ್ಕೆ ಉತ್ತರವಿಲ್ಲ.

ಬೇಸರ ಮಾಡಿಕೊಳ್ಳಬೇಡಿ. ಇಂಥ ದೂರುಗಳಲ್ಲಿ ಬಹುಪಾಲು ತಪ್ಪು ಇರುವುದು ಅಳತೆಯಲ್ಲಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅಳೆಯುವುದನ್ನು ಕಲಿಯದೆ ರಿಪೇರಿ ಅಂಗಡಿಗೆ ಓಡುತ್ತೀರಿ. ಅವರು ಹಿಂಬದಿಯ ಮುಚ್ಚಳ ಬಿಚ್ಚಿ, ನಡಿಗೆ ಹೊಂದಿಸುವ ಒಳಗಿನ ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸಿ ಕಳಿಸುತ್ತಾರೆ. ವಾರ ಕಳೆಯುವಷ್ಟರಲ್ಲಿ “ಈಗ ಹಿಂದ್ ಬೀಳ್ತದ” ಎಂದು ಮತ್ತೆ ಹೋಗುತ್ತೀರಿ. ಮುಚ್ಚಳ ತೆಗೆದಾಗಲೆಲ್ಲ ನಮ್ಮೂರಿನ ಧೂಳು ಒಳಗೆ ಹೋಗುತ್ತದೆ. ವಾಚು ಕೆಡುವುದು ಆಮೇಲೆ, ಅದೂ ನಿಜವಾಗಿಯೇ.

ಮೊದಲು ನಿಮ್ಮ ನಿರೀಕ್ಷೆಯನ್ನು ಸರಿಮಾಡಿಕೊಳ್ಳಿ. ಎಚ್‌ಎಂಟಿ ವಾಚು ಕಾರ್ಖಾನೆ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಶುರುವಾದದ್ದು 1961ರಲ್ಲಿ. ಮೊದಲ ತಂಡದ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ಮನೆಮನೆಗೆ ಬಂದ ‘ಜನತಾ’ ಎಂಬ ಮಾದರಿಯಲ್ಲಿ 17 ಜ್ಯುವೆಲ್, ಅಂದರೆ ಅಚ್ಚುಗಳು ಸವೆಯದಂತೆ ಕೂರಿಸಿದ ಹರಳು, ಇವೆ. ಅದರೊಳಗಿನ ಬ್ಯಾಲೆನ್ಸ್ ಚಕ್ರ ಸೆಕೆಂಡಿಗೆ 5 ಸಲ, ಗಂಟೆಗೆ 18,000 ಸಲ ಟಿಕ್ ಎನ್ನುತ್ತದೆ. ದಿನಕ್ಕೆ ಲೆಕ್ಕ ಹಾಕಿದರೆ 4,32,000 ಸಲ. ಬ್ಯಾಟರಿ ಇಲ್ಲ, ವಿದ್ಯುತ್ ಇಲ್ಲ, ಸುತ್ತಿದ ಒಂದು ಉಕ್ಕಿನ ಪಟ್ಟಿಯ ಬಲದಿಂದಲೇ ಇಷ್ಟೂ ನಡೆಯುತ್ತದೆ. ದಿನಕ್ಕೆ 86,400 ಸೆಕೆಂಡ್. ಅದರಲ್ಲಿ ನಿಮ್ಮ ವಾಚು 30 ಸೆಕೆಂಡ್ ತಪ್ಪಿತು ಎಂದರೆ 48 ನಿಮಿಷಕ್ಕೆ ಒಂದು ಸೆಕೆಂಡ್ ತಪ್ಪಿತು ಎಂದರ್ಥ. ಇದನ್ನೇ ‘ಪೂರಾ ಕೆಟ್ಟಿದೆ’ ಎನ್ನುತ್ತೀರಾ?

ಬ್ಯಾಟರಿಯ ಕ್ವಾರ್ಟ್ಜ್ ವಾಚು ತಿಂಗಳಿಗೆ ತಪ್ಪುವಷ್ಟನ್ನು ಚಾವಿಯ ವಾಚು ಒಂದು ದಿನದಲ್ಲಿ ತಪ್ಪುತ್ತದೆ. ಅದು ಅದರ ಜಾತಿಗುಣ, ಅದಕ್ಕೆ ಬೈಯಬೇಡಿ. ಸ್ವಿಟ್ಜರ್ಲೆಂಡಿನಲ್ಲಿ 1973ರಲ್ಲಿ ಹುಟ್ಟಿದ ಸಿಒಎಸ್‌ಸಿ ಎಂಬ ಸಂಸ್ಥೆ ದುಬಾರಿ ವಾಚುಗಳ ಯಂತ್ರವನ್ನು ಹದಿನೈದು ದಿನ ಪರೀಕ್ಷಿಸಿ ‘ಕ್ರೋನೋಮೀಟರ್’ ಎಂಬ ಬಿರುದು ಕೊಡುತ್ತದೆ. ಅವರ ಲೆಕ್ಕದಲ್ಲೂ ಸರಾಸರಿ ದಿನಕ್ಕೆ 4 ಸೆಕೆಂಡ್ ಹಿಂದೆ, 6 ಸೆಕೆಂಡ್ ಮುಂದೆ ಹೋದರೆ ಪಾಸು. ಲಕ್ಷಗಟ್ಟಲೆ ರೂಪಾಯಿಯ ವಾಚಿಗೇ ಇಷ್ಟು ರಿಯಾಯಿತಿ ಇರುವಾಗ, ಅಜ್ಜನ ಕಾಲದ ಜನತಾ ವಾಚು ಮೊಬೈಲಿಗೆ ಸರಿಸಮ ನಡೆಯಬೇಕು ಎನ್ನುವುದು ಯಾವ ನ್ಯಾಯ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ನನ್ನ ಅಳತೆಗೋಲು ಇಷ್ಟೇ: ಹಳೆಯ ಎಚ್‌ಎಂಟಿ ದಿನಕ್ಕೆ ಅರ್ಧ ನಿಮಿಷದೊಳಗೆ ಇದ್ದರೆ ಆರೋಗ್ಯವಾಗಿದೆ, ಒಂದು ನಿಮಿಷದವರೆಗೆ ಇದ್ದರೆ ಸರಿಮಾಡಿಸಬಹುದು, ಎರಡು ಮೂರು ನಿಮಿಷ ದಾಟಿತೋ ಒಳಗೆ ಏನೋ ಆಗಿದೆ.

ಈಗ ಯಾವುದಕ್ಕೆ ಹೋಲಿಸಬೇಕು ಎಂಬ ಮಾತು. ಹಿರಿಯರು ಕೆಲವರು ಇನ್ನೂ ನೆತ್ತಿಯ ಮೇಲಿನ ಸೂರ್ಯನನ್ನು ನೋಡಿ “ಹನ್ನೆರಡಾಯ್ತು” ಎನ್ನುತ್ತಾರೆ. ಊಟಕ್ಕೆ ಏಳಲು ಅದು ಸಾಕು, ವಾಚಿಗೆ ಸಾಲದು. ಭಾರತೀಯ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶದ್ದು. ವಾಡಿ ಇರುವುದು ಸುಮಾರು 77 ಡಿಗ್ರಿಯಲ್ಲಿ. ಹಾಗಾಗಿ ನಮ್ಮ ನೆತ್ತಿಗೆ ಸೂರ್ಯ ಬರುವುದು ಸರಾಸರಿ 12 ಗಂಟೆ 22 ನಿಮಿಷಕ್ಕೆ. ಅದೂ ವರ್ಷವಿಡೀ ಒಂದೇ ಅಲ್ಲ. ಫೆಬ್ರವರಿಯ ಎರಡನೇ ವಾರದಲ್ಲಿ 12.36ರ ಹತ್ತಿರ ಹೋಗುತ್ತದೆ, ನವೆಂಬರ್ ಮೊದಲ ವಾರದಲ್ಲಿ 12.06ರ ಹತ್ತಿರ ಬರುತ್ತದೆ. ವಾಡಿಗೂ ಚಿಂಚೋಳಿಗೂ ನಡುವೆಯೇ ಸುಮಾರು ಒಂದೂಮುಕ್ಕಾಲು ನಿಮಿಷ ಅಂತರವಿದೆ, ಚಿಂಚೋಳಿಯವರಿಗೆ ಸೂರ್ಯ ಮೊದಲು. ಊರಿಗೊಂದು ಮಧ್ಯಾಹ್ನ ಇಟ್ಟುಕೊಂಡರೆ ರೈಲು ನಡೆಸುವುದು ಹೇಗೆ? ಮುಂಬೈ-ಮದ್ರಾಸ್ ರೈಲುದಾರಿ ನಮ್ಮ ಸೀಮೆಯನ್ನು ಹಾಯ್ದು ಕೂಡಿಕೊಂಡದ್ದು 1871ರಲ್ಲಿ. ಸಿಕಂದರಾಬಾದಿನಿಂದ ನಿಜಾಮರ ರೈಲು ಬಂದು ವಾಡಿಯಲ್ಲಿ ಸೇರಿದ್ದು 1874ರಲ್ಲಿ. ಆಗ ರೈಲುಗಳು ನಡೆಯುತ್ತಿದ್ದದ್ದು ಮದ್ರಾಸ್ ಟೈಮಿನಲ್ಲಿ. ಈಗಿನ ಕಾಲಮಾನ ಜಾರಿಗೆ ಬಂದದ್ದು 1906ರ ಜನವರಿ 1ರಿಂದ, ಮದ್ರಾಸ್ ಟೈಮಿಗಿಂತ ಅದು ಸುಮಾರು 9 ನಿಮಿಷ ಮುಂದೆ.

ಜಂಕ್ಷನ್ ಊರಿನವರಾದ ನಿಮಗೆ ರೈಲ್ವೆಯದೇ ಒಂದು ಪಾಠ ಸಾಕು. ರೈಲ್ವೆಯ ಸಾಮಾನ್ಯ ನಿಯಮಗಳ ಪುಸ್ತಕದಲ್ಲಿ, ದಿನಾಲೂ 16 ಗಂಟೆಗೆ ಮುಖ್ಯ ಸ್ಟೇಷನ್ನುಗಳಿಗೆಲ್ಲ ಸರಿಯಾದ ಸಮಯ ರವಾನಿಸಬೇಕು ಎಂಬ ಕಟ್ಟಳೆ ಇದೆ. ಗಾಡಿ ಬಿಡುವ ಮುನ್ನ ಗಾರ್ಡ್ ಸಾಹೇಬರು ತಮ್ಮ ವಾಚನ್ನು ಸ್ಟೇಷನ್ ಗಡಿಯಾರಕ್ಕೆ ಹೊಂದಿಸಿಕೊಂಡು, ಡ್ರೈವರಿಗೆ ಸಮಯ ಹೇಳಬೇಕು, ಅವರು ತಮ್ಮದನ್ನು ಅದಕ್ಕೆ ಹೊಂದಿಸಬೇಕು. ಸಮಯದ ಮೂಲ ಒಂದೇ, ನೋಡುವ ಹೊತ್ತೂ ಒಂದೇ. ನೀವು ಬೆಳಿಗ್ಗೆ ಟಿವಿ ನೋಡಿ, ಮಧ್ಯಾಹ್ನ ಬಸ್‌ಸ್ಟ್ಯಾಂಡಿನ ಗಡಿಯಾರ ನೋಡಿ, ರಾತ್ರಿ ನೆಂಟರ ಕೈ ನೋಡಿ ವಾಚಿಗೆ ತೀರ್ಪು ಕೊಡುತ್ತೀರಿ. ರೈಲು ಬಂದದ್ದನ್ನು ನೋಡಿ ವಾಚು ತಿರುಗಿಸುವವರೂ ಇದ್ದೀರಿ, ಅವರಿಗೆ ನಾನು ಏನೂ ಹೇಳುವುದಿಲ್ಲ!

ನಂಬಬಹುದಾದ ಮೂಲಗಳು ಎರಡು ಮೂರು. ದೇಶದ ಅಧಿಕೃತ ಸಮಯ ಕಾಯುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ, ಅವರ ಜಾಲತಾಣದಲ್ಲಿ ಸೆಕೆಂಡುಸಹಿತ ಗಡಿಯಾರ ಕಾಣುತ್ತದೆ. ಮೊಬೈಲಿನಲ್ಲಿ ‘ತಾನಾಗಿ ಸಮಯ ಹೊಂದಿಸು’ ಎಂಬ ಆಯ್ಕೆ ಚಾಲೂ ಇದ್ದರೆ ಅದರ ಸೆಕೆಂಡೂ ನಮ್ಮ ಕೆಲಸಕ್ಕೆ ಸಾಕು. ಕೈಯಿಂದ ಹೊಂದಿಸಿದ ಮೊಬೈಲ್ ಬೇಡ. ರೇಡಿಯೋ ಇಟ್ಟುಕೊಂಡವರಿಗೆ ಆಕಾಶವಾಣಿಯ ಬೀಪ್ ಇದೆ, ಕೊನೆಯ ಬೀಪಿನ ಹೊತ್ತೇ ಗಂಟೆಯ ಹೊತ್ತು. ಅದೇ ಆಕಾಶವಾಣಿಯನ್ನು ಮೊಬೈಲ್ ಆ್ಯಪಿನಲ್ಲಿ ಕೇಳಿದರೆ ದನಿ ಹಲವು ಸೆಕೆಂಡ್ ತಡವಾಗಿ ಬರುತ್ತದೆ. ಡಿಶ್ ಟಿವಿಯ ಮೂಲೆಯಲ್ಲಿ ಕಾಣುವ ಸಮಯದ ಕಥೆಯೂ ಅದೇ. ಒಂದನ್ನು ಆರಿಸಿಕೊಳ್ಳಿ, ವಾರವಿಡೀ ಅದಕ್ಕೇ ಅಂಟಿಕೊಳ್ಳಿ.

ಇನ್ನು ಅಳೆಯುವ ಕ್ರಮ. ಇದನ್ನು ನಿಧಾನವಾಗಿ ಓದಿ, ಇಡೀ ಬರಹದಲ್ಲಿ ಮುಖ್ಯವಾದದ್ದು ಇದೇ.

ಬೆಳಿಗ್ಗೆ ಚಹಾ ಆದ ಮೇಲೆ, ಸ್ನಾನಕ್ಕೆ ಮುಂಚೆ, ನಿಮಗೆ ದಿನಾ ಸಿಗುವ ಒಂದು ಹೊತ್ತು ಗೊತ್ತುಮಾಡಿಕೊಳ್ಳಿ. ಮೊದಲ ದಿನ ಪೂರ್ತಿ ಚಾವಿ ಕೊಟ್ಟು ಸಮಯ ಹೊಂದಿಸಿ. ಹೊಂದಿಸುವಾಗ ಒಂದು ಜಾಣತನ ಬೇಕು: ಸೆಕೆಂಡ್ ಮುಳ್ಳು 12ರ ಮೇಲಿರುವಾಗ ನಿಮಿಷದ ಮುಳ್ಳು ಸರಿಯಾಗಿ ಒಂದು ಗೆರೆಯ ಮೇಲೆ ಇರಬೇಕು. ಎರಡು ಗೆರೆಯ ನಡುವೆ ಬಿಟ್ಟಿರೋ, ನಾಲ್ಕು ದಿನ ಕಳೆದ ಮೇಲೆ ‘ಇದು ಆರನೇ ನಿಮಿಷವೋ ಏಳನೆಯದೋ’ ಎಂದು ತಲೆ ಕೆರೆದುಕೊಳ್ಳುತ್ತೀರಿ. ಕೆಲವು ವಾಚುಗಳಲ್ಲಿ ಗುಂಡಿ ಎಳೆದರೆ ಸೆಕೆಂಡ್ ಮುಳ್ಳು ನಿಲ್ಲುತ್ತದೆ, ಜನತಾದಂಥವುಗಳಲ್ಲಿ ನಿಲ್ಲುವುದಿಲ್ಲ. ನಿಲ್ಲದಿದ್ದರೆ ನಿಲ್ಲಿಸಲು ಗುದ್ದಾಡಬೇಡಿ. ಸೆಕೆಂಡ್ ಎಷ್ಟು ಆಚೀಚೆ ಇದೆಯೋ ಅಷ್ಟನ್ನೇ ಬರೆದಿಟ್ಟುಕೊಳ್ಳಿ, ಲೆಕ್ಕ ಅಲ್ಲಿಂದ ಶುರು.

ಮಾರನೆಯ ದಿನ ಅದೇ ಹೊತ್ತಿಗೆ, ಚಾವಿ ಕೊಡುವುದಕ್ಕೆ ಮುಂಚೆ, ಮೊಬೈಲನ್ನು ಮೇಜಿನ ಮೇಲಿಟ್ಟು ವಾಚನ್ನು ಕೈಯಲ್ಲಿ ಹಿಡಿಯಿರಿ. ಕಣ್ಣು ವಾಚಿನ ಮೇಲಿರಲಿ. ಸೆಕೆಂಡ್ ಮುಳ್ಳು 12ಕ್ಕೆ ಬರುತ್ತಿದ್ದಂತೆ ಮೊಬೈಲಿನ ಸೆಕೆಂಡ್ ನೋಡಿ. ವಾಚು ಹೇಳುವುದು 7 ಗಂಟೆ 10 ನಿಮಿಷ 0 ಸೆಕೆಂಡ್, ಮೊಬೈಲು ಹೇಳುವುದು 7 ಗಂಟೆ 9 ನಿಮಿಷ 48 ಸೆಕೆಂಡ್ ಎಂದಿಟ್ಟುಕೊಳ್ಳಿ. ವಾಚು 12 ಸೆಕೆಂಡ್ ಮುಂದಿದೆ. ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ‘+12’ ಎಂದು ಬರೆಯಿರಿ. ಮುಳ್ಳನ್ನು ನೇರ ಮೇಲಿನಿಂದ ನೋಡಿ, ಓರೆಯಿಂದ ನೋಡಿದರೆ ಅಲ್ಲೇ ಒಂದು ಸೆಕೆಂಡ್ ಹೋಗುತ್ತದೆ. ಬರೆದಾಯಿತೇ? ಈಗ ಚಾವಿ ಕೊಡಿ. ಸಮಯವನ್ನು ಮಾತ್ರ ಮುಟ್ಟಬೇಡಿ. ಇಲ್ಲೇ ನಿಮ್ಮಲ್ಲಿ ಮುಕ್ಕಾಲು ಮಂದಿ ತಪ್ಪುವುದು. ಮುಂದಿದೆ ಎಂದು ಕಂಡ ಕೂಡಲೇ ಬೆರಳು ಗುಂಡಿಗೆ ಹೋಗುತ್ತದೆ, ತಿರುಗಿಸಿ ಸರಿಮಾಡುತ್ತೀರಿ, ಅಳತೆ ಅಲ್ಲಿಗೆ ಮುಗಿಯಿತು. ವಾರ ತುಂಬುವವರೆಗೆ ಅದನ್ನು ಅದರ ಪಾಡಿಗೆ ಬಿಡಿ. ತಾಳಿದವನು ಬಾಳಿಯಾನು.

ಎಂಟನೆಯ ದಿನ ಕ್ಯಾಲೆಂಡರ್ ಮುಂದಿಟ್ಟುಕೊಂಡು ಇವತ್ತಿನ ಅಂಕಿಯಿಂದ ನಿನ್ನೆಯ ಅಂಕಿ ಕಳೆಯುತ್ತ ಬನ್ನಿ. ಪ್ರತಿದಿನ ಎಷ್ಟೆಷ್ಟು ನಡೆದಿದೆ ಎಂಬುದು ಹೊರಬೀಳುತ್ತದೆ. ಒಂದು ವಾಚಿನ ಲೆಕ್ಕ ಹೀಗಿದೆ ಅನ್ನಿ: +12, +14, +11, +13, +12, +14, +12. ವಾರಕ್ಕೆ 88 ಸೆಕೆಂಡ್, ಹತ್ತಿರ ಹತ್ತಿರ ಒಂದೂವರೆ ನಿಮಿಷ ಮುಂದೆ. ಇನ್ನೊಂದರದು: +25, −20, +8, −15, +30, −22, +1. ವಾರದ ಕೊನೆಗೆ ಕೂಡಿದರೆ ಬರೀ 7 ಸೆಕೆಂಡ್ ಮುಂದೆ. ಯಾವುದು ಒಳ್ಳೆಯ ವಾಚು?

ಎರಡನೆಯದು ಎಂದಿರಾ? ತಪ್ಪು. ಮೊದಲನೆಯದು ದಿನಾ ಒಂದೇ ನಡಿಗೆಯಲ್ಲಿ ಹೋಗುತ್ತಿದೆ. ತಿಳಿದವರು ಒಳಗಿನ ಕಡ್ಡಿಯನ್ನು ಒಂದೇ ಸಲ ದಿನಕ್ಕೆ 13 ಸೆಕೆಂಡಿನಷ್ಟು ನಿಧಾನದ ಕಡೆಗೆ ಸರಿಸಿದರೆ ಆಮೇಲೆ ಒಂದೆರಡು ಸೆಕೆಂಡಿನೊಳಗೆ ನಡೆಯುತ್ತದೆ. ಎರಡನೆಯದು ಒಂದು ದಿನ ಓಡಿ, ಇನ್ನೊಂದು ದಿನ ಕುಂಟುತ್ತಿದೆ. ವಾರದ ಕೊನೆಗೆ ಸರಿಹೋದದ್ದು ತಪ್ಪುಗಳು ಒಂದನ್ನೊಂದು ತಿಂದುಕೊಂಡದ್ದರಿಂದ. ಅದನ್ನು ಎತ್ತ ಸರಿಸಿದರೂ ಸರಿಹೋಗದು, ಒಳಗೆ ಎಣ್ಣೆ ಗಟ್ಟಿಯಾಗಿರಬೇಕು, ಕಸ ಕೂತಿರಬೇಕು, ಇಲ್ಲವೇ ಯಾವುದೋ ಭಾಗ ಸವೆದಿರಬೇಕು. ವಾಚು ಎಷ್ಟು ತಪ್ಪುತ್ತದೆ ಎಂಬುದಕ್ಕಿಂತ ದಿನಾ ಅಷ್ಟೇ ತಪ್ಪುತ್ತದೆಯೇ ಎಂಬುದನ್ನು ಮೊದಲು ನೋಡಬೇಕು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕು. ವಾಚಿಗೆ ಆ ಲೆಕ್ಕ ಹಿಡಿಯುವುದಿಲ್ಲ, ಒಂದೇ ದಿನ ನೋಡಿದರೆ ಎರಡನೆಯ ವಾಚಿನ ಕೊನೆಯ ‘+1’ ನಿಮ್ಮನ್ನು ಚೆನ್ನಾಗಿ ಮೋಸ ಮಾಡುತ್ತದೆ.

ಚಾವಿ ಕೊಡುವ ವಿಷಯದಲ್ಲೂ ನಿಮ್ಮ ಅಭ್ಯಾಸ ಅಷ್ಟಕ್ಕಷ್ಟೇ. ನೆನಪಾದಾಗ ನಾಲ್ಕು ಸುತ್ತು, ನಿಂತಾಗ ಹತ್ತು ಸುತ್ತು. ಪೂರ್ತಿ ಚಾವಿ ಕೊಟ್ಟರೆ ಇಂಥ ವಾಚು ಒಂದೂವರೆ ದಿನದ ಮೇಲೆ ಓಡಬಹುದು. ಆದರೆ ಸ್ಪ್ರಿಂಗ್ ಬಿಗಿಯಾಗಿದ್ದಾಗಿನ ನಡಿಗೆ ಬೇರೆ, ಸಡಿಲವಾದಾಗಿನ ನಡಿಗೆ ಬೇರೆ. ಆದ್ದರಿಂದ ದಿನಾ ಒಂದೇ ಹೊತ್ತಿಗೆ, ಪೂರ್ತಿ ಕೊಡಿ. ಬೆಳಿಗ್ಗೆಯೇ ಏಕೆಂದರೆ, ಕೈಯಲ್ಲಿದ್ದು ಅಲುಗಾಡುವ ಹೊತ್ತಿನಲ್ಲಿ ಸ್ಪ್ರಿಂಗಿನಲ್ಲಿ ಬಲ ಇರಬೇಕು. ವಾಚನ್ನು ಕೈಯಿಂದ ಬಿಚ್ಚಿ ಚಾವಿ ಕೊಡಿ, ಕಟ್ಟಿಕೊಂಡೇ ತಿರುಗಿಸಿದರೆ ಗುಂಡಿಯ ಕಡ್ಡಿ ಓರೆಯಾಗಿ ಎಳೆದುಕೊಂಡು ಸವೆಯುತ್ತದೆ. ಬೆರಳಿಗೆ ತಡೆ ಗೊತ್ತಾದ ಕೂಡಲೇ ನಿಲ್ಲಿಸಿ, ‘ಇನ್ನೊಂದ್ ಸುತ್ತು’ ಎಂದು ಜೋರು ಮಾಡಬೇಡಿ. ಅತಿಯಾದರೆ ಅಮೃತವೂ ವಿಷ. ಆಟೋಮ್ಯಾಟಿಕ್ ವಾಚು ಇದ್ದವರು ಅದು ತಾನೇ ಸುತ್ತಿಕೊಳ್ಳುತ್ತದೆ ಎಂದು ಸುಮ್ಮನಿರುತ್ತೀರಿ. ದಿನವಿಡೀ ಕುರ್ಚಿಯಲ್ಲಿ ಕೂತವರ ಕೈ ಅದಕ್ಕೆ ಬೇಕಾದಷ್ಟು ಅಲುಗಾಡುವುದೇ ಇಲ್ಲ. ಅಳೆಯುವ ವಾರವಾದರೂ ದಿನಕ್ಕೆ ಎಂಟು ಹತ್ತು ತಾಸು ಕಟ್ಟಿಕೊಳ್ಳಿ.

ರಾತ್ರಿ ವಾಚನ್ನು ಹೇಗೆ ಮಲಗಿಸುತ್ತೀರಿ ಎಂದು ಯಾರಾದರೂ ಕೇಳಿದರೆ ನಗುತ್ತೀರಿ. ನಗಬೇಡಿ. ಮುಖ ಮೇಲೆ ಮಾಡಿ ಮಲಗಿಸಿದಾಗ, ಮುಖ ಕೆಳಗೆ ಮಾಡಿದಾಗ, ಗುಂಡಿ ಮೇಲಾಗಿ ನಿಲ್ಲಿಸಿದಾಗ, ಗುಂಡಿ ಕೆಳಗಾಗಿ ನಿಲ್ಲಿಸಿದಾಗ ಒಂದೇ ವಾಚು ನಾಲ್ಕು ಬಗೆಯಲ್ಲಿ ನಡೆಯುತ್ತದೆ. ಬ್ಯಾಲೆನ್ಸ್ ಚಕ್ರದ ಅಚ್ಚು ಮಲಗಿದಾಗ ತುದಿಯ ಮೇಲೆ ತಿರುಗುತ್ತದೆ, ನಿಂತಾಗ ಬದಿಗೆ ಉಜ್ಜಿಕೊಂಡು ತಿರುಗುತ್ತದೆ, ಅದಕ್ಕೇ ಈ ವ್ಯತ್ಯಾಸ. ಸ್ವಿಸ್ ಪರೀಕ್ಷೆಯಲ್ಲೂ ಐದು ಭಂಗಿಗಳಲ್ಲಿ ಇಟ್ಟು ನೋಡುತ್ತಾರೆ. ಇದರಿಂದ ನಿಮಗೊಂದು ಪುಕ್ಕಟೆ ಉಪಾಯ ಸಿಗುತ್ತದೆ. ಅಳತೆಯ ವಾರದಲ್ಲಿ ದಿನಾ ಒಂದೇ ಭಂಗಿಯಲ್ಲಿ ಇಡಿ. ವಾರ ಮುಗಿದ ಮೇಲೆ, ಒಂದೊಂದು ಭಂಗಿಗೆ ಎರಡು ಮೂರು ರಾತ್ರಿ ಕೊಟ್ಟು, ಸಂಜೆ ಬಿಚ್ಚುವಾಗ ಒಮ್ಮೆ, ಬೆಳಿಗ್ಗೆ ಒಮ್ಮೆ ಅಂಕಿ ಬರೆಯಿರಿ. ಯಾವ ಭಂಗಿಯಲ್ಲಿ ಅದು ನಿಧಾನವಾಗುತ್ತದೆ ಎಂದು ತಿಳಿದರೆ, ಹಗಲು ಓಡಿದ ನಾಲ್ಕು ಸೆಕೆಂಡನ್ನು ರಾತ್ರಿ ಹಾಗೆ ಮಲಗಿಸಿ ಹಿಂದಕ್ಕೆ ಪಡೆಯಬಹುದು. ಮೆಕ್ಯಾನಿಕ್ ಬೇಡ, ಖರ್ಚೂ ಇಲ್ಲ.

ನಮ್ಮ ಬಿಸಿಲಿನ ಮಾತಿಗೆ ಬರೋಣ. ಹಿಂದಿನ ಕಾಲದ, ಬ್ಯಾಲೆನ್ಸ್ ಚಕ್ರವನ್ನು ತೂಗಿಸುವ ಸಾದಾ ಉಕ್ಕಿನ ಸುರುಳಿ, ಅಂದರೆ ಹೇರ್‌ಸ್ಪ್ರಿಂಗ್ ಬಿಸಿಯೇರಿದರೆ ಮೆತ್ತಗಾಗಿ, ಒಂದು ಡಿಗ್ರಿ ಸೆಲ್ಸಿಯಸ್‌ಗೆ ದಿನಕ್ಕೆ ಸುಮಾರು ಹತ್ತು ಸೆಕೆಂಡ್ ಹಿಂದೆ ಬೀಳುತ್ತಿತ್ತು. ಬಿಸಿಗೆ ಅಷ್ಟಾಗಿ ಜಗ್ಗದ ನಿಕ್ಕಲ್-ಉಕ್ಕಿನ ಮಿಶ್ರಲೋಹ ಕಂಡುಹಿಡಿದ ಶಾರ್ಲ್ ಎಡ್ವಾರ್ಡ್ ಗಿಯೋಮ್ ಅವರಿಗೆ 1920ರ ಭೌತವಿಜ್ಞಾನದ ನೊಬೆಲ್ ಬಂತು. ಆಮೇಲಿನ ವಾಚುಗಳಲ್ಲಿ ಆ ತರಹದ ಲೋಹವೇ ಇರುವುದರಿಂದ ತೊಂದರೆ ಬಹಳ ಇಳಿದಿದೆ. ಇಳಿದಿದೆ ಅಂದೆ, ಹೋಗಿದೆ ಅನ್ನಲಿಲ್ಲ. ಸ್ವಿಸ್ ಪರೀಕ್ಷೆಯಲ್ಲಿ ಅತಿ ಬಿಸಿಯ ಹಂತ 38 ಡಿಗ್ರಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲೇ 40 ದಾಟುತ್ತದೆ! ಶಹಾಬಾದ್ ಕಲ್ಲು ಹಾಸಿದ ಮಾಳಿಗೆ, ಕಿಟಕಿಯ ಕಟ್ಟೆ, ಬೈಕಿನ ಟ್ಯಾಂಕ್ ಮೇಲಿನ ಚೀಲ, ಜೀಪಿನ ಗಾಜಿನ ಹಿಂದಿನ ಹಲಗೆ, ಇವುಗಳ ಮೇಲೆ ಬಿಟ್ಟ ವಾಚಿನೊಳಗೆ ಎಣ್ಣೆ ತೆಳ್ಳಗಾಗಿ ಇರಬೇಕಾದ ಜಾಗ ಬಿಟ್ಟು ಹರಡುತ್ತದೆ. ಆಮೇಲೆ ಅದು ಹಿಂದಿರುಗುವುದಿಲ್ಲ. ಕೈಯ ಮೇಲಿದ್ದರೇ ವಾಚಿಗೆ ತಂಪು ಎನ್ನುವ ಊರು ನಮ್ಮದು. ಬಿಚ್ಚಿಟ್ಟರೆ ಕಪಾಟಿನೊಳಗೆ ಇಡಿ. ಮೇ ತಿಂಗಳ ಲೆಕ್ಕವನ್ನೂ ಡಿಸೆಂಬರ್ ಲೆಕ್ಕವನ್ನೂ ಹೋಲಿಸಿ ‘ಗುಣ ಬದಲಾಯಿತು’ ಎನ್ನಬೇಡಿ, ಹವೆ ಬದಲಾಗಿದೆ ಅಷ್ಟೇ.

ಇದ್ದಕ್ಕಿದ್ದಂತೆ ದಿನಕ್ಕೆ ಐದು ನಿಮಿಷ, ಹತ್ತು ನಿಮಿಷ ಮುಂದೆ ಓಡತೊಡಗಿದರೆ ಮೊದಲು ಅಯಸ್ಕಾಂತದ ಮೇಲೆ ಅನುಮಾನ ಪಡಿ. ಹೇರ್‌ಸ್ಪ್ರಿಂಗಿನ ಸುರುಳಿಗಳಿಗೆ ಅಯಸ್ಕಾಂತ ಹಿಡಿದರೆ ಅವು ಒಂದಕ್ಕೊಂದು ಅಂಟಿ ಸ್ಪ್ರಿಂಗ್ ಗಿಡ್ಡವಾದಂತಾಗುತ್ತದೆ, ಚಕ್ರ ಬಿರುಸಾಗುತ್ತದೆ. ಹಿಡಿಸುವ ಸಾಮಾನು ನಿಮ್ಮ ಸುತ್ತಲೇ ಇವೆ: ಮೊಬೈಲಿನ ಸ್ಪೀಕರ್, ಅಯಸ್ಕಾಂತದ ಗುಂಡಿಯಿರುವ ಮೊಬೈಲ್ ಚೀಲ ಮತ್ತು ಪರ್ಸು, ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಗೊಂಬೆ, ಟೇಬಲ್ ಫ್ಯಾನಿನ ಮೋಟಾರ್. ರಾತ್ರಿ ಮೊಬೈಲಿನ ಮೇಲೆಯೇ ವಾಚು ಇಟ್ಟು ಮಲಗುವವರು ನನ್ನ ಕಣ್ಣಿಗೆ ಬೀಳಬೇಡಿ. ಸಿಮೆಂಟ್ ಕಾರ್ಖಾನೆಗೆ ಹೋಗುವವರಿಗೆ ಇನ್ನೊಂದು ಮಾತು: ಬೆಲ್ಟಿನ ಮೇಲೆ ಸಾಗುವ ಕಲ್ಲಿನಿಂದ ಕಬ್ಬಿಣದ ಚೂರು ಎತ್ತುವ ದೊಡ್ಡ ಅಯಸ್ಕಾಂತ, ವೆಲ್ಡಿಂಗ್ ಕೇಬಲ್, ದೊಡ್ಡ ಮೋಟಾರು ಇರುವಲ್ಲಿ ಚಾವಿಯ ವಾಚು ಬೇಡ, ಅಲ್ಲಿಗೆ ಅಗ್ಗದ ಡಿಜಿಟಲ್ ಕಟ್ಟಿಕೊಳ್ಳಿ. ಪರೀಕ್ಷೆ ಸುಲಭ. ಮಕ್ಕಳ ದಿಕ್ಸೂಚಿಯ ಹತ್ತಿರ ವಾಚನ್ನು ನಿಧಾನವಾಗಿ ಸುತ್ತಲೂ ಒಯ್ಯಿರಿ. ಮುಳ್ಳು ಜೋರಾಗಿ ತಿರುಗಿ ಹಿಂಬಾಲಿಸಿದರೆ ಅಯಸ್ಕಾಂತ ಹಿಡಿದಿದೆ. ಗಡಿಯಾರದ ಅಂಗಡಿಯಲ್ಲಿ ಅದನ್ನು ಇಳಿಸುವ ಚಿಕ್ಕ ಯಂತ್ರ ಇರುತ್ತದೆ, ಮುಚ್ಚಳ ಬಿಚ್ಚುವ ಅಗತ್ಯವೂ ಇಲ್ಲ. ಬಿಚ್ಚಲು ಹೊರಟರೆ ‘ಮೊದಲು ಇದನ್ನು ಮಾಡಿ ನೋಡಿ’ ಎಂದು ಮರ್ಯಾದೆಯಿಂದ ಹೇಳಿ.

ಕಲ್ಲುಗಣಿಯಲ್ಲಿ ಸುತ್ತಿಗೆ ಹಿಡಿಯುವ ಕೈ, ಡ್ರಿಲ್ ಹಿಡಿಯುವ ಕೈ, ಕೊಡಲಿ ಬೀಸುವ ಕೈ, ಇವುಗಳಿಗೂ ವಾಚು ಬೇಡ. ಏಟು ತಡೆಯುವ ವ್ಯವಸ್ಥೆ ಒಳಗಿದೆ ನಿಜ, ಅದು ಅಚ್ಚು ಮುರಿಯದಂತೆ ಕಾಯುತ್ತದೆ, ನಡಿಗೆ ಕೆಡದಂತೆ ಕಾಯುವುದಿಲ್ಲ. ತಾರೀಖು ತೋರಿಸುವ ವಾಚಾದರೆ ರಾತ್ರಿ 9ರಿಂದ ಬೆಳಗಿನ 3ರವರೆಗೆ ತಾರೀಖು ತಿರುಗಿಸಬೇಡಿ. ನೀರು ಸೋಕಿಸಬೇಡಿ, ಹಳೆಯ ವಾಚಿನ ರಬ್ಬರ್ ಎಂದೋ ಒಣಗಿ ಹೋಗಿರುತ್ತದೆ.

ಈಗೀಗ ರಿಪೇರಿಯವರ ಹತ್ತಿರ ಟೈಮ್‌ಗ್ರಾಫರ್ ಎಂಬ ಯಂತ್ರ ಬಂದಿದೆ. ವಾಚಿನ ಟಿಕ್ ಸದ್ದು ಕೇಳಿಸಿಕೊಂಡು ಅರ್ಧ ನಿಮಿಷದಲ್ಲಿ ದಿನಕ್ಕೆ ಇಷ್ಟು ಸೆಕೆಂಡ್ ಎಂದು ತೋರಿಸುತ್ತದೆ. ಮೊಬೈಲಿನಲ್ಲೂ ಅಂಥ ಆ್ಯಪುಗಳಿವೆ. ಅದರ ಪರದೆಯಲ್ಲಿ ‘+2’ ಕಂಡು ಕುಣಿದುಬಿಡುತ್ತೀರಿ. ಅದು ಆ ಅರ್ಧ ನಿಮಿಷದ, ಆ ಒಂದು ಭಂಗಿಯ, ಆಗಷ್ಟೇ ಚಾವಿ ಕೊಟ್ಟ ವಾಚಿನ ಸುದ್ದಿ. ಅದೇ ಪರದೆಯಲ್ಲಿ ನೀವು ನೋಡಬೇಕಾದ ಇನ್ನೆರಡು ಅಂಕಿಗಳಿವೆ. ಒಂದು ಆಂಪ್ಲಿಟ್ಯೂಡ್, ಅಂದರೆ ಬ್ಯಾಲೆನ್ಸ್ ಚಕ್ರ ಎಷ್ಟು ಡಿಗ್ರಿ ತೂಗುತ್ತದೆ ಎಂಬುದು. ಪೂರ್ತಿ ಚಾವಿ ಕೊಟ್ಟು ಮುಖ ಮೇಲಾಗಿ ಇಟ್ಟಾಗ 270ರ ಆಸುಪಾಸು ಇದ್ದರೆ ಬಲಿಷ್ಠ, ಹಳೆಯ ವಾಚಿಗೆ 230-240 ಬಂದರೂ ನಾನು ಪಾಸು ಮಾಡುತ್ತೇನೆ, 200ಕ್ಕಿಂತ ಕೆಳಗಿದ್ದರೆ ಸರ್ವೀಸ್ ಬೇಕು. ಎರಡನೆಯದು ಬೀಟ್ ಎರರ್, ಟಿಕ್ ಮತ್ತು ಟಾಕ್ ನಡುವಿನ ಬಿಡುವು ಸಮನಾಗಿದೆಯೇ ಎಂಬ ಲೆಕ್ಕ. ಒಂದು ಮಿಲಿಸೆಕೆಂಡಿನೊಳಗೆ ಇದ್ದರೆ ಚಿಂತೆಯಿಲ್ಲ. ಆಂಪ್ಲಿಟ್ಯೂಡ್ 180 ಇದ್ದು ‘+2’ ತೋರಿಸುವ ವಾಚಿಗಿಂತ 270 ಇದ್ದು ‘+20’ ತೋರಿಸುವ ವಾಚನ್ನು ಕಣ್ಣುಮುಚ್ಚಿ ಆರಿಸಿಕೊಳ್ಳಿ.

ಹೊಸದಾಗಿ ಹಳೆಯ ಎಚ್‌ಎಂಟಿ ಕೊಳ್ಳುವವರಿಗೆ ಇದು ಇನ್ನೂ ಮುಖ್ಯ. ಎಚ್‌ಎಂಟಿ ವಾಚು ಕಂಪನಿ ಮುಚ್ಚಲು ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ತೀರ್ಮಾನಿಸಿದ ಮೇಲೆ ಹಳೆಯವಕ್ಕೆ ಬೇಡಿಕೆ ಬಂತು. ಗುಲಾಬಿ, ಗಿಳಿಹಸಿರು ಬಣ್ಣದ ಹೊಸ ಮುಖ ಬಳಿದು, ನಾಲ್ಕು ಸತ್ತ ವಾಚುಗಳ ಭಾಗ ಕೂಡಿಸಿ ಒಂದು ಮಾಡಿ ಮಾರುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ. “ಟೈಮ್ ಸರಿ ತೋರಿಸುತ್ತದೆ” ಎಂಬ ಮಾತಿಗೆ ಮರುಳಾಗದೆ, ಮೇಲೆ ಹೇಳಿದ ನಾಲ್ಕು ಭಂಗಿಗಳ ಟೈಮ್‌ಗ್ರಾಫರ್ ಅಂಕಿ ಕೇಳಿ. ಅಂಗಡಿಯವರು ಸಿಡುಕಿದರೆ ವಾಚು ಅಲ್ಲೇ ಇರಲಿ.

ಸರ್ವೀಸ್ ಬಗ್ಗೆ ಎರಡೇ ಮಾತು. ನಾಲ್ಕೈದು ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚಿ, ತೊಳೆದು, ಜಾಗ ಜಾಗಕ್ಕೆ ಬೇಕಾದ ಎಣ್ಣೆ ಹಾಕಿಸಬೇಕು. ಇಡೀ ಯಂತ್ರವನ್ನು ಪೆಟ್ರೋಲಿನಲ್ಲಿ ಅದ್ದಿ ತೆಗೆದು ಕೊಡುವುದು ಸರ್ವೀಸ್ ಅಲ್ಲ, ಹತ್ತು ದಿನ ಚೆನ್ನಾಗಿ ಓಡಿ ಹನ್ನೊಂದನೆಯ ದಿನ ಕೂರುತ್ತದೆ. ಮನೆಯಲ್ಲಿ ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಬಿಡುವ ಸಾಹಸವಂತೂ ಖಂಡಿತ ಬೇಡ. ಒಳಗೆ ಬ್ಯಾಲೆನ್ಸ್ ಸೇತುವೆಯ ಮೇಲೆ ಕೂಡುವ-ಕಳೆಯುವ ಚಿಹ್ನೆಯೋ ‘ಎಫ್’, ‘ಎಸ್’ ಎಂಬ ಅಕ್ಷರವೋ ಇರುವ ಕಡ್ಡಿ ಕಾಣುತ್ತದೆ, ವಿಡಿಯೋ ನೋಡಿ ಅದನ್ನು ಪಿನ್ನಿನಿಂದ ತಳ್ಳಲು ಕೈ ತುರಿಸುತ್ತದೆ. ಪಿನ್ನು ಒಂದು ಎಳೆ ಜಾರಿದರೆ ಹೇರ್‌ಸ್ಪ್ರಿಂಗ್ ಡೊಂಕಾಗುತ್ತದೆ. ಅದನ್ನು ನೆಟ್ಟಗೆ ಮಾಡುವ ಕೈಗಳು ಕಲಬುರಗಿಯಂಥ ಊರಿನಲ್ಲೂ ಈಗ ಕಡಿಮೆ, ಇದ್ದವರಿಗೂ ವಯಸ್ಸಾಗಿದೆ.

ಹಾಗಾಗಿ ಅಂಥ ಹಿರಿಯ ರಿಪೇರಿಯವರ ಹತ್ತಿರ ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ವಾರದ ಅಂಕಿಗಳು, ರಾತ್ರಿ ಇಟ್ಟ ಭಂಗಿ, ಚಾವಿ ಕೊಟ್ಟ ಹೊತ್ತು, ಹಿಂದಿನ ಸರ್ವೀಸ್ ಯಾವ ವರ್ಷ ಎಂಬುದು, ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ವಾಚಿನ ಜೊತೆ ಕೊಡಿ. ವಾಪಸು ತಂದ ಮೇಲೆ ಇನ್ನೊಂದು ವಾರ ಅದೇ ಕ್ಯಾಲೆಂಡರಿನಲ್ಲಿ ಅದೇ ರೀತಿ ಬರೆಯಿರಿ. ಅಂಕಿಗಳು ಒಂದರ ಹತ್ತಿರ ಒಂದು ಬಂದಿದ್ದರೆ ಅವರು ಕೇಳಿದ ಹಣಕ್ಕೆ ಚೌಕಾಸಿ ಮಾಡಬೇಡಿ.